ಚರಿತ್ರೆಯಿಲ್ಲದ ಗಾಡಿ

ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡುವುದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದವರು ಕಾಯಿ ಕೆಡವಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾದಾಗ ಕಾಯಿ ಗಡಗಡ ಸದ್ದು ಮಾಡುತ್ತದೆ. ಆದರೂ ಒಳಗಿರುವುದು ಬಿಳಿಯೋ ಕೌಟೋ ಎಂಬುದು ಸುಲಿದು ಒಡೆದ ಮೇಲೆಯೇ ತಿಳಿಯುವುದು.

2023ರ ಕೊನೆಯಲ್ಲಿ ಹಾಲ್ಕುರಿಕೆಯ ಒಂದು ಮನೆಯ ಕೊಟ್ಟಿಗೆಯಲ್ಲಿ ಹಳೆಯ ಬೈಕಿನ ಮುಂದೆ ನಿಂತಾಗ ನನಗೆ ಇದೇ ನೆನಪಾಯಿತು. ಅಲ್ಲಾಡಿಸಿ ನೋಡಬಹುದು, ಒಡೆದು ನೋಡುವಂತಿಲ್ಲ.

ಮಗನಿಗೆ ತಿಪಟೂರಿನ ಕಾಯಿಪುಡಿ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ವಾರ ಬಿಟ್ಟು ವಾರ ರಾತ್ರಿ ಪಾಳಿ. ಆ ಹೊತ್ತಿಗೆ ಬಸ್ಸಿಲ್ಲ. ಹೊಸ ಬೈಕು ರಸ್ತೆಗಿಳಿಯಬೇಕಾದರೆ ಲಕ್ಷದ ಹತ್ತಿರ ಬೇಕು. ಆ ವರ್ಷ ಉಂಡೆ ಕೊಬ್ಬರಿಗೆ ಸರಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯ ಧಾರಣೆ 8,000ದ ಆಸುಪಾಸಿಗೆ ಇಳಿದಿತ್ತು. ಬಡ್ಡಿ ಸಾಲಕ್ಕೆ ಕೈಹಾಕಲು ಮನಸ್ಸು ಒಪ್ಪಲಿಲ್ಲ. ಹಳೆಯ ಗಾಡಿಯೇ ಗತಿ ಎಂದಾಯಿತು.

ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರ ಸ್ಪ್ಲೆಂಡರ್ ಗೋಣಿಚೀಲ ಹೊದ್ದು ನಿಂತಿತ್ತು. 2011ರ ಆರಂಭದಲ್ಲಿ ನೋಂದಣಿಯಾದದ್ದು. ಹೀರೋ ಮತ್ತು ಹೋಂಡಾ ಕಂಪೆನಿಗಳು ಬೇರೆಯಾಗಲು ನಿರ್ಧರಿಸಿದ್ದು 2010ರ ಡಿಸೆಂಬರಿನಲ್ಲಿ. ಈ ಗಾಡಿಯ ಟ್ಯಾಂಕಿನ ಮೇಲೆ ಇನ್ನೂ ಎರಡೂ ಹೆಸರುಗಳಿದ್ದವು. ಮೇಷ್ಟ್ರ ಹೆಂಡತಿ ಹೇಳಿದ ಬೆಲೆ 26,000.

“ಸರ್ವಿಸ್ ಬುಕ್ಕು ಇದೆಯೇನಮ್ಮಾ?” ಎಂದೆ.

“ಅದೆಲ್ಲ ಅವರಿಗೇ ಗೊತ್ತಿತ್ತು ಸಾಬ್ರೇ” ಎಂದರು.

ನನಗೆ ಗೊತ್ತಿದ್ದಷ್ಟು ನೋಡಿದೆ. ಮೊದಲು ಇಂಜಿನ್ನಿನ ಮೇಲೆ ಅಂಗೈ ಇಟ್ಟೆ. ಬಿಸಿಯಿದ್ದರೆ ಕೊಳ್ಳುವವನು ಬರುವ ಮುನ್ನವೇ ಯಾರೋ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ಕಲ್ಲಿನಂತೆ ತಣ್ಣಗಿತ್ತು. ಹ್ಯಾಂಡಲಿನ ಬುಡದ ಚಾಸಿ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡಿದೆ, ಸರಿಯಿತ್ತು. ಹೊಸ ಪೆಟ್ರೋಲ್ ಹಾಕಿ ಮಗ ಹತ್ತು ಹನ್ನೆರಡು ಸಲ ಒದ್ದ ಮೇಲೆ ಗಾಡಿ ಎದ್ದಿತು. ಇಂಜಿನ್ ಆಯಿಲ್ ಉರಿಯುತ್ತಿದ್ದರೆ ಹೊಗೆ ನೀಲಿಯಾಗಿ ಬರುತ್ತದೆ. ಹಾಗೇನೂ ಕಾಣಲಿಲ್ಲ. ಆದರೆ ಮೀಟರು 41,000 ಕಿಲೋಮೀಟರ್ ತೋರಿಸುತ್ತಿದ್ದರೆ, ಕಿಕ್ಕರಿನ ರಬ್ಬರು ಮತ್ತು ಬ್ರೇಕಿನ ಪೆಡಲು ಬೇರೆಯೇ ಲೆಕ್ಕ ಹೇಳುತ್ತಿದ್ದವು. ಅಷ್ಟು ಸವೆಯಬೇಕಾದರೆ ಅದರ ಎರಡರಷ್ಟಾದರೂ ಓಡಿರಬೇಕು.

ನಾಳೆ ಹೇಳುತ್ತೇನೆಂದು ಬಂದೆ. ಮನೆಯಲ್ಲಿ ನನ್ನಾಕೆ ಒಂದೇ ಮಾತು ಹೇಳಿದಳು: “ಮಗ ಸರಿರಾತ್ರಿಯಲ್ಲಿ ಅದರ ಮೇಲೆ ಬರುವವನು. ಅದನ್ನು ಯೋಚಿಸಿ, ದುಡ್ಡು ಆಮೇಲೆ.”

ಮರುದಿನ ಬೆಳಿಗ್ಗೆ ಮೇಷ್ಟ್ರು ಗಾಡಿ ಬಿಡುತ್ತಿದ್ದ ಗ್ಯಾರೇಜು ಹುಡುಕಿಕೊಂಡು ಹೋದೆ. ಎಲ್ಲರೂ ಉಸ್ತಾದ್ ಎಂದೇ ಕರೆಯುವ ಮನುಷ್ಯ. ಗಾಡಿಯ ಚರಿತ್ರೆ ಬರೆದ ಬುಕ್ಕಿಲ್ಲವಂತಲ್ಲ ಎಂದಾಗ ನಕ್ಕರು. “ಬುಕ್ಕು ಯಾಕೆ ಭಾಯ್, ನಾನಿಲ್ಲವೇ?”

ನಿಜವೇ. ಹಳ್ಳಿಗಾಡಿನ ಬೈಕುಗಳು ಫ್ರೀ ಸರ್ವಿಸ್ ಮುಗಿದ ಮೇಲೆ ಕಂಪೆನಿಯ ಬಾಗಿಲು ತುಳಿಯುವುದು ಅಪರೂಪ. ಅವುಗಳ ಚರಿತ್ರೆ ಇಂಥವರ ತಲೆಯಲ್ಲಿರುತ್ತದೆ. ಉಸ್ತಾದ್ ಒಂದೊಂದಾಗಿ ಬಿಚ್ಚಿಟ್ಟರು. ಮೀಟರಿನ ಕೇಬಲ್ ತುಂಡಾಗಿ ನಾಲ್ಕು ವರ್ಷವಾಗಿದೆ, ಮೇಷ್ಟ್ರು ಹಾಕಿಸಲೇ ಇಲ್ಲ. ಒಮ್ಮೆ ಬೋರ್ ಮಾಡಿಸಿದ್ದಾರೆ, ಇಂಜಿನ್ ಗಟ್ಟಿಯಾಗಿದೆ. ಆಯಿಲ್ ತಪ್ಪದೆ ಬದಲಿಸುತ್ತಿದ್ದರು. ಇಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

“ಎರಡು ವರ್ಷದ ಹಿಂದೆ ಬಿ.ಹೆಚ್. ರಸ್ತೆಯಲ್ಲಿ ಬಿದ್ದಿದ್ದರು. ಮುಂದಿನ ಫೋರ್ಕ್ ಬಾಗಿತ್ತು. ನೆಟ್ಟಗೆ ಮಾಡಿ ಕೊಟ್ಟೆ. ಚಾಸಿಗೆ ಏನೂ ಆಗಿಲ್ಲ. ಆದರೆ ಬಾಗಿದ ಪೈಪು ಬಾಗಿದ್ದೇ, ಅದನ್ನು ನಂಬಬೇಡಿ, ಎರಡೂ ಬದಲಿಸಿ. ಕೂಲಿ ಸೇರಿ ಮೂರು ಸಾವಿರ ಆಗಬಹುದು. ಮನೆಯಲ್ಲಿ ಹೇಳಬೇಡ ಎಂದು ಮೇಷ್ಟ್ರು ಮಾತು ತೆಗೆದುಕೊಂಡಿದ್ದರು. ಕೊಳ್ಳುವವನಿಗೆ ಹೇಳಬೇಡ ಎಂದಿರಲಿಲ್ಲ.”

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಬಿದ್ದ ಗಾಡಿ ಎಂದು ಆಕೆಯ ಮುಂದೆ ಆಡಿದರೆ ಆರೇಳು ಸಾವಿರ ಸುಲಭವಾಗಿ ಇಳಿಸಬಹುದು. ಆದರೆ ಗಂಡ ಮುಚ್ಚಿಟ್ಟು ಹೋದದ್ದನ್ನು ಚೌಕಾಸಿಗಾಗಿ ಬಯಲು ಮಾಡಿದಂತಾಗುತ್ತದೆ. ಏನೂ ಹೇಳದೆ ಕೇಳಿದಷ್ಟು ಕೊಟ್ಟರೆ ನಷ್ಟ ನನಗೆ. ಬೇಡವೆಂದು ಬಿಟ್ಟರೆ ನಾಳೆ ಯಾರೋ ಏನೂ ತಿಳಿಯದೆ ಕೊಳ್ಳುತ್ತಾರೆ, ಆ ಪೈಪುಗಳ ಮೇಲೆಯೇ ಓಡಿಸುತ್ತಾರೆ.

ಪ್ರವಾದಿ(ಸ)ಯವರು ಮದೀನದ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಬೆರಳಿಗೆ ಒದ್ದೆ ತಗಲಿದ ಪ್ರಸಂಗವನ್ನು ಜುಮಾ ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲಕ್ಕೆ ಇಡಬಾರದಿತ್ತೇ ಎಂದು ಅವರು ಕೇಳಿದರು. ಮೋಸ ಮಾಡುವವನು ನಮ್ಮವನಲ್ಲ ಎಂದೂ ಎಚ್ಚರಿಸಿದರು. ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಚುಚ್ಚುತ್ತದೆ. ಬಹಳ ವರ್ಷಗಳ ಹಿಂದೆ ನಾನೂ ಒಂದು ಚೀಲದ ತಳಕ್ಕೆ ಕೌಟು ಕೊಬ್ಬರಿ ಹಾಕಿ ಮೇಲೆ ಒಳ್ಳೆಯದನ್ನು ಜೋಡಿಸಿ ತಿಪಟೂರಿಗೆ ಒಯ್ದಿದ್ದೆ. ವರ್ತಕರು ಚೀಲವನ್ನು ತಲೆಕೆಳಗಾಗಿ ಸುರಿದರು. ಬೈಯಲಿಲ್ಲ, ನನ್ನ ಮುಖ ನೋಡಿದರು, ಅಷ್ಟೇ. ದೋಷ ಹೇಳಿ ಮಾರಬೇಕೆಂಬ ನಿಯಮ ಮಾರುವವನಿಗೆ ಮಾತ್ರವೆಂದು ಅಂದಿನಿಂದ ತಿಳಿದಿದ್ದೆ. ಕೊಳ್ಳುವವನಿಗೆ ಹೆಚ್ಚು ಗೊತ್ತಿರುವ ದಿನವೂ ಬರಬಹುದೆಂದು ಯೋಚಿಸಿರಲಿಲ್ಲ.

ಕೊನೆಗೆ ದೋಷವನ್ನು ಹೇಳುವುದು, ಕಥೆಯನ್ನು ಬಿಡುವುದು ಎಂದು ನಿಶ್ಚಯಿಸಿದೆ.

“ಅಮ್ಮಾ, ಮುಂದಿನ ಫೋರ್ಕಿನ ಪೈಪು ಬದಲಿಸಬೇಕಂತೆ. ಮೂರು ಸಾವಿರ ಆಗುತ್ತದೆ. ಅದನ್ನು ಕಳೆದು ಕೊಡುತ್ತೇನೆ. ಉಳಿದದ್ದರಲ್ಲಿ ಒಂದು ರೂಪಾಯಿಯೂ ಇಳಿಸಿ ಎನ್ನುವುದಿಲ್ಲ.”

ಅವರು ಸ್ವಲ್ಪ ಹೊತ್ತು ನೆಲ ನೋಡುತ್ತಾ ಕುಳಿತರು. “ಅವರು ಬಿದ್ದರಲ್ಲ, ಅದರದ್ದಾ?”

ನಾನು ಮಾತಾಡಲಿಲ್ಲ.

“ನನಗೆ ಹೇಳಿರಲಿಲ್ಲ. ಮಂಡಿ ಹರಿದ ಪ್ಯಾಂಟು ಒಗೆದವಳು ನಾನೇ ಅಲ್ವಾ ಸಾಬ್ರೇ. ಹೆದರ್ತೀನಿ ಅಂತ ಅವರು ಮುಚ್ಚಿಟ್ರು, ಬೇಜಾರು ಮಾಡ್ಕೋತಾರೆ ಅಂತ ನಾನು ಕೇಳಲಿಲ್ಲ. ನಿನ್ನೆ ನಿಮ್ಮ ಹುಡುಗ ಗಾಡಿ ಒದೀತಿದ್ದಾಗ ಹೇಳಿಬಿಡೋಣ ಅಂತ ಬಾಯಿವರೆಗೂ ಬಂತು. ಕೊಳ್ಳಲ್ಲ ಅಂತೀರೇನೋ ಅಂತ ನುಂಗಿಕೊಂಡೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.”

ಹಿಂದಿನ ರಾತ್ರಿ ಊರಿನಲ್ಲಿ ನಿದ್ದೆಗೆಟ್ಟವನು ನಾನೊಬ್ಬನೇ ಅಲ್ಲವೆಂದು ಆಗ ತಿಳಿಯಿತು. ವ್ಯಾಪಾರ 23,000ಕ್ಕೆ ಮುಗಿಯಿತು.

ಕಾಗದದ ಕೆಲಸ ಉಳಿದಿತ್ತು. ಆರ್‌ಸಿ ಇನ್ನೂ ಮೇಷ್ಟ್ರ ಹೆಸರಿನಲ್ಲಿತ್ತು. ಹಾಗೇ ಓಡಿಸಿ, ಯಾರು ಕೇಳುತ್ತಾರೆ ಎಂದು ಬ್ರೋಕರ್ ಒಬ್ಬ ಸಲಹೆ ಕೊಟ್ಟ. ನಾನು ಒಪ್ಪಲಿಲ್ಲ. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಟಿಓ ದಾಖಲೆಯಲ್ಲಿ ಹೆಸರಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ನನ್ನ ಮಗ ಯಾರಿಗೋ ಗುದ್ದಿದರೆ ನೋಟೀಸು ಆ ಮನೆಗೆ ಹೋಗಬೇಕೇ? ಮಾಲೀಕರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದೊಂದಿಗೆ ಫಾರಂ 31 ಕೊಟ್ಟು ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು, ಆಮೇಲೆ ಫಾರಂ 29 ಮತ್ತು 30ರಲ್ಲಿ ಕೊಂಡವರ ಹೆಸರಿಗೆ. ತಿಪಟೂರಿನ ಆರ್‌ಟಿಓ ಕಚೇರಿಗೆ ಮೇಷ್ಟ್ರ ಹೆಂಡತಿಯೂ ನಾನೂ ನಾಲ್ಕು ಸಲ ಅಲೆದೆವು. ವಿಮೆ ಮುಗಿದು ಹೋಗಿತ್ತು, ಹೊಸದು ಮಾಡಿಸಿದೆ. ಅಲ್ಲಿಯವರೆಗೆ ಗಾಡಿ ಉಸ್ತಾದರ ಗ್ಯಾರೇಜಿನಲ್ಲೇ ನಿಂತಿತ್ತು. ಮಗ ಮುಖ ಊದಿಸಿಕೊಂಡು, ಸಿಕ್ಕಿದವರ ಗಾಡಿಯ ಹಿಂದೆ ಕುಳಿತು ಕೆಲಸಕ್ಕೆ ಹೋಗಿಬಂದ.

ಗಾಡಿ ಮನೆಗೆ ಬಂದ ದಿನ ಅವನಿಗೆ ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟೆ. ಆಯಿಲ್ ಬದಲಿಸಿದ ದಿನ, ಹಾಕಿಸಿದ ಸಾಮಾನು, ಬಿದ್ದದ್ದು, ಎದ್ದದ್ದು ಎಲ್ಲವನ್ನೂ ಬರೆದಿಡು ಎಂದೆ. ಮುಂದೆ ಇದನ್ನು ಕೊಳ್ಳುವವನು ಉಸ್ತಾದರನ್ನು ಹುಡುಕಿಕೊಂಡು ಅಲೆಯುವುದು ಬೇಡ.

“ಇನ್ನೂ ಒಂದು ಕಿಲೋಮೀಟರ್ ಓಡಿಸಿಲ್ಲ ಅಬ್ಬಾ, ಏನು ಬರೆಯಲಿ?” ಎಂದ.

ಪೆನ್ನು ಈಸಿಕೊಂಡು ಮೊದಲ ಸಾಲು ನಾನೇ ಬರೆದೆ: ‘2021ರಲ್ಲಿ ಬಿದ್ದ ಗಾಡಿ. ಫೋರ್ಕ್ ಬದಲಿಸಿದೆ. ಮೀಟರಿನ ಲೆಕ್ಕ ನಂಬಬೇಡಿ.’