ಗುಂಗುರು ಕೂದಲಿನ ಬೀದಿ

ಪ್ಯಾರಿಸ್ಸಿನ ಮೆಟ್ರೊ 4ನೇ ಮಾರ್ಗದಲ್ಲಿ ಶಾಟೊ ದೊ ಎಂಬ ನಿಲ್ದಾಣವಿದೆ. ಮೆಟ್ಟಿಲು ಹತ್ತಿ ಹೊರಬಂದವರನ್ನು ಅಂಗಡಿಗಳ ಹುಡುಗರು ಮುತ್ತಿಕೊಳ್ಳುತ್ತಾರೆ: 'ಜಡೆ ಹಾಕಿಸಬೇಕೆ?' ಸುತ್ತಮುತ್ತೆಲ್ಲ ಆಫ್ರಿಕನ್ ಕೇಶಾಲಂಕಾರದ ಅಂಗಡಿಗಳು. ಗುಂಗುರು ಕೂದಲಿನವರಿಗೆ ಇದೇ ಪ್ರಯೋಗಶಾಲೆ.

ನೆತ್ತಿಯ ಜಿಡ್ಡು ಸುರುಳಿಗೂದಲಿನ ತುದಿಯವರೆಗೆ ಸುಲಭವಾಗಿ ಇಳಿಯುವುದಿಲ್ಲ. ಒಣಗಿದ ಕೂದಲು ಗಾಳಿಯ ತೇವ ಹೀರಿ ಕೆದರಿ ನಿಲ್ಲುತ್ತದೆ. ಅದಕ್ಕೆ ಇಲ್ಲಿನ ಮದ್ದು ಕರಿತೆ ಬೆಣ್ಣೆ, ಅಂದರೆ ಶಿಯಾ. ಪಶ್ಚಿಮ ಆಫ್ರಿಕದ ಮರವೊಂದರ ಬೀಜದಿಂದ ತೆಗೆದದ್ದು. ಅಂಗೈಯಲ್ಲಿ ಉಜ್ಜಿ ಕರಗಿಸಿ ಒದ್ದೆ ಕೂದಲಿಗೆ ಸವರಬೇಕು. ಕಡಲೆಕಾಳಿನಷ್ಟರಿಂದ ಶುರುಮಾಡಿದರೆ ಕ್ಷೇಮ. ಹೆಚ್ಚಾದರೆ ತಲೆಯೆಲ್ಲ ಅಂಟಂಟು.

ಅದೇ ಕಪಾಟಿನಲ್ಲಿ ಕೂದಲು ನೆಟ್ಟಗಾಗಿಸುವ ಕ್ರೀಮುಗಳೂ ಇವೆ. ಅವುಗಳ ಕ್ಷಾರ ಕೂದಲಿನ ಒಳಬಂಧಗಳನ್ನೇ ಮುರಿಯುತ್ತದೆ. ನೆತ್ತಿ ಸುಡುವುದೂ ಉಂಟು. ಆದರೂ ಓದು ಮುಗಿಸಿ ಕೆಲಸ ಹುಡುಕುವ ಹುಡುಗಿಯರು ಕೊಳ್ಳುತ್ತಾರೆ. ಗುಂಗುರು ಕೂದಲು ಸಂದರ್ಶನದಲ್ಲಿ ಅಡ್ಡಿಯಾದೀತೆಂಬ ಅಂಜಿಕೆ. ಈ ಅಂಜಿಕೆಗೆ ಬುಡವಿಲ್ಲದಿಲ್ಲ. ಗ್ವಾದಲೂಪ್ ದ್ವೀಪದ ಸಂಸದ ಒಲಿವಿಯೆ ಸೆರ್ವಾ ಮಂಡಿಸಿದ, ಕೂದಲಿನ ಕಾರಣಕ್ಕೆ ತಾರತಮ್ಯ ಮಾಡಬಾರದೆಂಬ ಮಸೂದೆಯನ್ನು 2024ರ ಮಾರ್ಚ್ 28ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆ ಅಂಗೀಕರಿಸಿತು. ಗುಂಗುರು ಕೂದಲಿನವರಷ್ಟೇ ಅಲ್ಲ, ಕೆಂಗೂದಲಿನವರು, ಬೋಳುತಲೆಯವರು ಕೂಡ ತಮ್ಮ ಲೆಕ್ಕದಲ್ಲಿದ್ದಾರೆಂದು ಅವರು ವಾದಿಸಿದ್ದರು.