ಆ ಐದು ಲಕ್ಷ ಜೂಲ್ ಎಲ್ಲಿ ಹೋಯಿತು?

ಇಪ್ಪತ್ತೆರಡು ವರ್ಷದಿಂದ ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಪ್ರತಿ ವರ್ಷ ಬೋರ್ಡಿನ ಮೇಲೆ ತಪ್ಪದೆ ಒಂದು ಲೆಕ್ಕ ಬರೆಯುತ್ತೇನೆ. ಚಾಲಕನೂ ಸೇರಿ 1,200 ಕಿಲೊ ತೂಗುವ ಕಾರು ಗಂಟೆಗೆ 120 ಕಿ.ಮೀ. ವೇಗದಲ್ಲಿದೆ, ಬ್ರೇಕ್ ಒತ್ತಿ 60ಕ್ಕೆ ಇಳಿಸಿದರೆ ಚಲನಶಕ್ತಿ ಎಷ್ಟು ಕಡಿಮೆಯಾಯಿತು? ಉತ್ತರ ಐದು ಲಕ್ಷ ಜೂಲ್. ಅಷ್ಟೊಂದು ಎಲ್ಲಿ ಹೋಯಿತು ಸರ್ ಎಂದು ಯಾರಾದರೂ ಕೇಳಿದರೆ, "ಶಾಖವಾಗಿ ನಷ್ಟವಾಯ್ತು, ಬರ್ಕೊಳ್ಳಿ" ಎಂದು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಅದು ಎಲ್ಲೂ ನಷ್ಟವಾಗದೆ ನನ್ನದೇ ಕಾರಿನ ಮುಂದಿನ ಚಕ್ರಗಳೊಳಗೆ ಕೂತು ಕಾಯುತ್ತಿರುತ್ತದೆ ಎಂದು ನನಗೆ ಅರ್ಥವಾದದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಕೊಯಮತ್ತೂರಿನ ರೇಸ್ ಟ್ರ್ಯಾಕಿನಲ್ಲಿ, ಬ್ರೇಕ್ ಪೆಡಲ್ ನೆಲ ಮುಟ್ಟಿದ ದಿನ.

ಈ ಹುಚ್ಚು ಹತ್ತಿಸಿದವನು ನನ್ನ ಹಳೆಯ ಶಿಷ್ಯ. ಸ್ವಂತ ಕಾರು ಒಯ್ದು, ಹೆಲ್ಮೆಟ್ ಹಾಕಿಕೊಂಡು, ದುಡ್ಡು ಕಟ್ಟಿ ಟ್ರ್ಯಾಕಿನಲ್ಲಿ ಓಡಿಸುವ ದಿನಗಳಿರುತ್ತವೆ, ಬನ್ನಿ ಸರ್ ಎಂದ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಮೈಸೂರಿನವರಿಗೆ ದೂರವೇನಲ್ಲ. ಚಾಮರಾಜನಗರ ದಾಟಿ, ದಿಂಬಂ ಘಾಟಿ ಇಳಿದು, ಸತ್ಯಮಂಗಲದ ಮೇಲೆ ಹೋದರಾಯಿತು. ತಾವೇ ರೇಸ್ ಕಾರು ಕಟ್ಟಿ ಓಡಿಸುತ್ತಿದ್ದ ಎಸ್. ಕರಿವರ್ಧನ್ ಅವರ ಹೆಸರಿನ ಆ ಟ್ರ್ಯಾಕ್ ಉದ್ದದಲ್ಲಿ ಸಣ್ಣದು, 2.1 ಕಿ.ಮೀ. ಸಣ್ಣದಾದ್ದರಿಂದಲೇ ಬ್ರೇಕಿಗೆ ಉಸಿರಾಡಲು ಬಿಡುವಿಲ್ಲ. ಒಂದು ತಿರುವಿನ ಬಿಸಿ ಆರುವ ಮೊದಲೇ ಇನ್ನೊಂದು ಬಂದಿರುತ್ತದೆ.

ಮೊದಲ ಸಲ ಹೋದಾಗ ಕಾರು ಕಂಪನಿಯಿಂದ ಬಂದ ಹಾಗೇ ಇತ್ತು. ಸಣ್ಣ ಟರ್ಬೊ ಹ್ಯಾಚ್‌ಬ್ಯಾಕ್, ಮುಂದೆ ಡಿಸ್ಕ್, ಹಿಂದೆ ಡ್ರಮ್. ಐದಾರು ಸುತ್ತಿಗೆ ಸುಟ್ಟ ವಾಸನೆ ಬಂತು. ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಆದರೆ ಎಷ್ಟು ಒತ್ತಿದರೂ ಕಾರು ನಿಲ್ಲಲು ಮನಸ್ಸು ಮಾಡುತ್ತಿರಲಿಲ್ಲ. ಪ್ಯಾಡು ತನ್ನ ಮಿತಿ ಮೀರಿ ಕಾದು ಹಿಡಿತ ಬಿಟ್ಟಿತ್ತು. ನಾನು ವೇಗ ಇಳಿಸಿ ಹೊರಗೆ ಬಂದೆ. ಈಗ ಯೋಚಿಸಿದರೆ ಆ ಸಾಮಾನ್ಯ ಪ್ಯಾಡು ನನಗೆ ಎಚ್ಚರಿಕೆ ಕೊಟ್ಟು ಕಾಪಾಡಿತ್ತು. ನಾನು ಅದನ್ನು ಬೈದುಕೊಂಡೇ ಮನೆಗೆ ಬಂದೆ.

ಮುಂದಿನ ವಾರವೇ ಬೆಂಗಳೂರಿನ ಜೆ.ಸಿ. ರೋಡಿನಲ್ಲಿದ್ದೆ. ಅಂಗಡಿಯವನು ಗಾಜಿನ ಮೇಜಿನ ಮೇಲೆ ಒಂದು ಜೊತೆ ಡಿಸ್ಕ್ ಇಟ್ಟ. ಮೈತುಂಬ ತೂತು, ಜಾಲರಿಯ ಹಾಗೆ ಸಾಲು ಸಾಲು. ಬೆಳಕಿಗೆ ಹಿಡಿದರೆ ಆಚೆ ಕಡೆಯ ಟ್ಯೂಬ್‌ಲೈಟ್ ಕಾಣುತ್ತಿತ್ತು. "ಗಾಳಿ ಆಡುತ್ತೆ ಸಾರ್, ಬಿಸಿನೇ ಆಗಲ್ಲ" ಎಂದ. ಕೇಳಬೇಕಾದ ಪ್ರಶ್ನೆ ನನಗೆ ಬಾಯಿಪಾಠವಾಗಿತ್ತು: ಒಂದೇ ಅಳತೆಯ ಡಿಸ್ಕಿಗೆ ತೂತು ಕೊರೆದರೆ ಕಬ್ಬಿಣ ಕಡಿಮೆಯಾಯಿತಲ್ಲ, ಕಬ್ಬಿಣ ಕಡಿಮೆಯಾದರೆ ಅಷ್ಟೇ ಶಾಖಕ್ಕೆ ಅದು ಹೆಚ್ಚು ಬಿಸಿಯಾಗಬೇಕಲ್ಲ? ಅಂಥ ಪ್ರಶ್ನೆ ಬರೆಯದ ಹುಡುಗನಿಗೆ ನಾನು ಎರಡು ಅಂಕ ಕಡಿಯುತ್ತೇನೆ. ಅಂದು ಕೇಳಲಿಲ್ಲ. ಡಿಸ್ಕಿನ ಜೊತೆಗೆ ರೇಸ್ ಪ್ಯಾಡನ್ನೂ ಕೊಂಡೆ. ಎಲ್ಲ ಸೇರಿ ಇಪ್ಪತ್ತೆಂಟು ಸಾವಿರ. ಮನೆಯಲ್ಲಿ ಹದಿನಾಲ್ಕು ಎಂದು ಹೇಳಿದೆ.

ನಮ್ಮ ಬನ್ನಿಮಂಟಪದ ಮೇಸ್ತ್ರಿ ಅವನ್ನು ಹಾಕುತ್ತಾ, ಬಾನೆಟ್ಟಿನೊಳಗಿನ ಬ್ರೇಕ್ ಆಯಿಲ್ ಡಬ್ಬಿಗೆ ಟಾರ್ಚ್ ಬಿಟ್ಟು ನೋಡಿದರು. "ಮೇಷ್ಟ್ರೇ, ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು?"

"ಲೆವೆಲ್ ಸರಿಯಾಗೇ ಇದೆಯಲ್ಲ?"

"ಲೆವೆಲ್ ಇದೆ. ಬಣ್ಣ ನೋಡಿ, ಕಾಫಿ ಆಗೋಗಿದೆ."

ಮುಂದಿನ ಸಲ ನೋಡೋಣ ಎಂದೆ. ಇಪ್ಪತ್ತೆಂಟು ಸಾವಿರ ಕೊಟ್ಟು ಬಂದವನಿಗೆ ನಾನೂರು ರೂಪಾಯಿಯ ಬಾಟಲಿ ದಂಡ ಎನ್ನಿಸಿತು. 1953ರಲ್ಲಿ ಜಾಗ್ವಾರ್ ಕಾರು ಡಿಸ್ಕ್ ಬ್ರೇಕಿನ ಬಲದಿಂದ ಲ ಮಾನ್‌ನ 24 ಗಂಟೆ ರೇಸ್ ಗೆದ್ದ ಕಥೆಯನ್ನು ಅವರಿಗೆ ಹೇಳಿದೆ. ನನ್ನ ಕಾರಿನ ಬ್ರೇಕ್ ಆಯಿಲಿಗೆ ನಾಲ್ಕು ವರ್ಷ ತುಂಬಿದ್ದು ಮಾತ್ರ ನನಗೆ ನೆನಪಿರಲಿಲ್ಲ.

ಆಮೇಲಿನ ಮೂರು ತಿಂಗಳು ರೇಸ್ ಪ್ಯಾಡಿನ ಜೊತೆ ಊರಿನಲ್ಲಿ ಸಂಸಾರ ಮಾಡಿದೆ. ಸಿಗ್ನಲ್ ಬಂದಾಗಲೆಲ್ಲ ಕೀಚಲು ದನಿ. ಆಟೋದವರು ತಿರುಗಿ ನೋಡುತ್ತಿದ್ದರು. ಚಕ್ರಗಳ ಮೇಲೆ ವಾರಕ್ಕೊಮ್ಮೆ ತೊಳೆದರೂ ಹೋಗದ ಕಪ್ಪು ಪುಡಿ. ಅದಕ್ಕಿಂತ ಕೆಟ್ಟದ್ದು ಬೆಳಗಿನ ಮೊದಲ ಬ್ರೇಕು. ಡಿಸೆಂಬರಿನ ಚಳಿಯಲ್ಲಿ ಸರಸ್ವತಿಪುರಂನಲ್ಲಿ ಹಾಲಿನ ಗಾಡಿಯೊಂದು ಅಡ್ಡ ಬಂದಾಗ, ಮರದ ಹಲಗೆ ಒತ್ತಿದ ಹಾಗಾಯಿತು. ಕಾರು ನಿಂತದ್ದು ಗಾಡಿಯಿಂದ ಒಂದು ಗೇಣು ದೂರದಲ್ಲಿ. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಹದಿನಾಲ್ಕು ಸಾವಿರದ ಬ್ರೇಕ್ ಇದೇನಾ?" ಎಂದಳು. ರೇಸ್ ಪ್ಯಾಡು ಬಿಸಿಯಾದ ಮೇಲೆ ಹಿಡಿಯುವಂತೆ ಮಾಡಿದ್ದು. ವರ್ಷಕ್ಕೆ ಎರಡು ದಿನ ಬರುವ ಬಿಸಿಗಾಗಿ ನಾನು ಉಳಿದ 363 ದಿನದ ಮೊದಲ ಬ್ರೇಕನ್ನು ಅಡವಿಟ್ಟಿದ್ದೆ. ಆದರೂ ಬುದ್ಧಿ ಬರಲಿಲ್ಲ. ಟ್ರ್ಯಾಕಿಗೆ ಹೋದಾಗ ಗೊತ್ತಾಗುತ್ತೆ ಬಿಡು ಎಂದೆ.

ಜನವರಿಯಲ್ಲಿ ಶಿಷ್ಯನ ಜೊತೆ ಹೊರಟೆ. ಹಾಸನೂರಿನ ಕಾಡಿನಲ್ಲಿ ಮಂಜು. ದಿಂಬಂನ 27 ಹಿಮ್ಮುರಿ ತಿರುವುಗಳಲ್ಲಿ ಮೊದಲನೆಯದಕ್ಕೇ ಬ್ರೇಕ್ ತಡವಾಗಿ ಹಿಡಿಯಿತು. ಎದುರಿಗೆ ಬಿದಿರು ತುಂಬಿದ ಲಾರಿ. ಶಿಷ್ಯ ಏನೂ ಹೇಳಲಿಲ್ಲ, ಮೇಲಿನ ಹಿಡಿಕೆಯನ್ನು ಮಾತ್ರ ಹಿಡಿದುಕೊಂಡ.

ಮರುದಿನ ಟ್ರ್ಯಾಕಿನಲ್ಲಿ ಮೊದಲ ನಾಲ್ಕು ಸುತ್ತು ಸ್ವರ್ಗ. ಪ್ಯಾಡು ಕಾದಂತೆಲ್ಲ ಕಚ್ಚಿ ಹಿಡಿಯಿತು. ಕೊಟ್ಟ ದುಡ್ಡು ಬಂತು ಎಂದುಕೊಂಡೆ. ಪ್ರತಿ ಸುತ್ತಿಗೂ ಇನ್ನೊಂದಿಷ್ಟು ತಡವಾಗಿ, ಇನ್ನೊಂದಿಷ್ಟು ಜೋರಾಗಿ ಬ್ರೇಕ್ ಒತ್ತಿದೆ. ಐದನೆಯ ಸುತ್ತಿನಲ್ಲಿ ಪೆಡಲ್ ಸ್ವಲ್ಪ ಉದ್ದವಾದ ಹಾಗೆ ಅನ್ನಿಸಿತು, ಗಮನಿಸಲಿಲ್ಲ. ಆರನೆಯದರಲ್ಲಿ, ನೇರ ದಾರಿ ಮುಗಿಯುವ ಕಡೆ, ಕಾಲಿಟ್ಟೆ. ಪೆಡಲ್ ಒದ್ದೆ ಸ್ಪಂಜಿನ ಹಾಗೆ ಕೆಳಗಿಳಿದು ನೆಲ ಮುಟ್ಟಿತು. ಬಿಟ್ಟು ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಮೂರನೆಯ ಸಲಕ್ಕೆ ಅರ್ಧ ಬ್ರೇಕ್ ಸಿಕ್ಕಿತು. ಗೇರ್ ಇಳಿಸಿದೆ. ಅಷ್ಟರಲ್ಲಿ ತಿರುವು ಹಿಂದೆ ಉಳಿದಿತ್ತು. ಕಾರು ಮಣ್ಣಿಗಿಳಿದು, ಧೂಳೆಬ್ಬಿಸಿ, ಟೈರಿನ ಗೋಡೆಗೆ ಎರಡು ಮಾರು ಈಚೆಗೆ ನಿಂತಿತು. ಧೂಳು ಇಳಿಯುವವರೆಗೂ ನನ್ನ ಕಾಲು ಪೆಡಲಿನ ಮೇಲೇ ಇತ್ತು.

ಕಾರು ಆರಿದ ಮೇಲೆ ಪೆಡಲ್ ಏನೂ ಆಗಿಲ್ಲವೆಂಬಂತೆ ಗಟ್ಟಿಯಾಯಿತು. ಆದರೂ ಅಲ್ಲಿಯೇ ಒಬ್ಬರಿಂದ ಹೊಸ ಆಯಿಲ್ ಹಾಕಿಸಿ, ಏರ್ ತೆಗೆಸಿ, ಲಾರಿಗಳ ಹಿಂದೆ ದಿಂಬಂ ಹತ್ತಿಕೊಂಡು ಊರಿಗೆ ಬಂದೆ. ಬನ್ನಿಮಂಟಪದಲ್ಲಿ ಚಕ್ರ ಬಿಚ್ಚಿದ ಮೇಸ್ತ್ರಿ ಮಾತಾಡದೆ ನನ್ನ ಬೆರಳು ಹಿಡಿದು ಡಿಸ್ಕಿನ ಮೇಲೆ ಇಟ್ಟರು. ಒಂದು ತೂತಿನಿಂದ ಇನ್ನೊಂದಕ್ಕೆ ಕೂದಲೆಳೆಯಂಥ ಬಿರುಕು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಕಾದು ಆರಿ, ಕಾದು ಆರಿ, ಕಬ್ಬಿಣ ತೂತಿನ ಅಂಚಿನಿಂದಲೇ ಬಿಡಲು ಶುರುಮಾಡಿತ್ತು.

ಆ ರಾತ್ರಿ ಬೋರ್ಡಿನ ಲೆಕ್ಕವನ್ನು ಮೊದಲ ಸಲ ಕೊನೆಯವರೆಗೆ ಮಾಡಿದೆ. ಐದು ಲಕ್ಷ ಜೂಲ್‌ನಲ್ಲಿ ಸುಮಾರು ಶೇ. 70 ಮುಂದಿನ ಬ್ರೇಕಿನ ಪಾಲು, ಅಂದರೆ ಮೂರೂವರೆ ಲಕ್ಷ. ಡಿಸ್ಕ್ ಒಂದಕ್ಕೆ ಐದು ಕಿಲೊ ಎಂದರೂ ಎರಡು ಸೇರಿ ಹತ್ತು ಕಿಲೊ ಕಬ್ಬಿಣ. ಹತ್ತು ಕಿಲೊ ಕಬ್ಬಿಣ ಒಂದು ಡಿಗ್ರಿ ಏರಲು ಸುಮಾರು 4,600 ಜೂಲ್ ಸಾಕು. ಹಾಗಾದರೆ ಒಂದೇ ಒಂದು ಬ್ರೇಕಿಗೆ ಡಿಸ್ಕ್ ಸುಮಾರು 75 ಡಿಗ್ರಿ ಏರಿತು. ಸುತ್ತಿಗೆ ಮೂರು ಜೋರು ಬ್ರೇಕ್, ಆರು ಸುತ್ತು. ನಡುವೆ ಗಾಳಿಗೆ ಎಷ್ಟೇ ಆರಿದರೂ ಉಳಿಕೆ ಏರುತ್ತಲೇ ಹೋಗುತ್ತದೆ. ಅದು ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಕ್ಯಾಲಿಪರಿನ ಪಿಸ್ಟನ್ನಿಗೆ, ಪಿಸ್ಟನ್ನಿನ ಹಿಂದಿರುವ ಆಯಿಲಿಗೆ ಇಳಿಯುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಅದು ಗಾಳಿಯ ತೇವ ಹೀರುವ ಜಾತಿ. ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಾನು ಒತ್ತಿದ್ದೆಲ್ಲ ಆ ಗುಳ್ಳೆಗಳನ್ನು ಹಿಸುಕಲು ಹೋಗಿತ್ತು.

ಹಳೆಯ ಪ್ಯಾಡು ಇದ್ದಾಗ ಹೀಗೇಕೆ ಆಗಲಿಲ್ಲ? ಆಗ ಪ್ಯಾಡೇ ಮೊದಲು ಸೋತು ನನ್ನನ್ನು ಹೊರಗೆ ಕಳಿಸಿತ್ತು, ಬಿಸಿ ಆಯಿಲಿನವರೆಗೆ ಹೋಗಲು ಸಮಯವೇ ಸಿಗಲಿಲ್ಲ. ರೇಸ್ ಪ್ಯಾಡು ಸೋಲಲಿಲ್ಲ, ಸೋಲು ಪಕ್ಕದ ಮನೆಗೆ ಹೋಯಿತು. ಸರಪಳಿಯಲ್ಲಿ ಒಂದು ಕೊಂಡಿಯನ್ನು ಮಾತ್ರ ಗಟ್ಟಿ ಮಾಡಿ, ತುಕ್ಕು ಹಿಡಿದ ಕೊಂಡಿಗೆ ಇನ್ನಷ್ಟು ಭಾರ ಕಟ್ಟಿದ್ದೆ. ಗಟ್ಟಿ ಪೆಡಲ್ ಇದ್ದೂ ಕಾರು ನಿಲ್ಲದಿದ್ದರೆ ದೋಷ ಪ್ಯಾಡಿನದು, ಪೆಡಲೇ ಕುಸಿದರೆ ಆಯಿಲಿನದು. ಈ ಎರಡನ್ನು ಬೇರೆ ಮಾಡಿ ನೋಡಿದ್ದರೆ ಅಂಗಡಿಗೆ ಹೋಗುವ ಮೊದಲೇ ಅರ್ಧ ಬುದ್ಧಿ ಬಂದಿರುತ್ತಿತ್ತು.

ಈಗ ನನ್ನ ಕಾರಿನಲ್ಲಿರುವುದು ತೂತಿಲ್ಲದ, ಎರಡು ಹಾಳೆಯ ನಡುವೆ ಗಾಳಿಯಾಡುವ ಸಾಮಾನ್ಯ ಡಿಸ್ಕ್. ತೂತಿನ ಚಾಳಿ ಬಂದದ್ದು ಕಾದರೆ ಅನಿಲ ಬಿಡುತ್ತಿದ್ದ ಹಿಂದಿನ ಕಾಲದ ಪ್ಯಾಡುಗಳಿಂದ. ನನ್ನಂಥವನಿಗೆ ಅದರ ಅಗತ್ಯವಿಲ್ಲ. ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಅಚ್ಚು ಒತ್ತಿರುತ್ತಾರೆ, ಮೇಸ್ತ್ರಿ ಪ್ರತಿ ಸರ್ವಿಸ್‌ಗೂ ಅಳೆಯುತ್ತಾರೆ. ಪ್ಯಾಡು ರಸ್ತೆಗೂ ಆಗುವ, ಸ್ವಲ್ಪ ಜೋರಿಗೂ ಒಗ್ಗುವ ಜಾತಿಯದು. ಕೊಳ್ಳುವಾಗ 'ಎಷ್ಟು ಜೋರಾಗಿ ಹಿಡಿಯುತ್ತೆ' ಎಂದು ಕೇಳುವುದನ್ನು ಬಿಟ್ಟು 'ಎಷ್ಟು ಡಿಗ್ರಿಯಿಂದ ಎಷ್ಟು ಡಿಗ್ರಿವರೆಗೆ ಹಿಡಿಯುತ್ತೆ' ಎಂದು ಕೇಳಿದೆ. ಮೊದಲನೆಯ ಸಂಖ್ಯೆ ಮನೆಯವರಿಗೆ, ಎರಡನೆಯದು ನನಗೆ. ಆಯಿಲ್ ಎರಡು ವರ್ಷಕ್ಕೊಮ್ಮೆ ತಪ್ಪದೆ, ಟ್ರ್ಯಾಕಿಗೆ ಹೋಗುವ ವಾರ ವಿಶೇಷವಾಗಿ.

ಹೊಸ ಪ್ಯಾಡನ್ನು ಭಾನುವಾರ ಮುಂಜಾನೆ ಖಾಲಿ ರಿಂಗ್ ರೋಡಿನಲ್ಲಿ ಸೆಟ್ ಮಾಡಿದೆ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, 60ರಿಂದ ಹತ್ತರವರೆಗೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸುವುದು, ಹೀಗೆ ಎಂಟು ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ಆರಿಸುವುದು. ಪ್ಯಾಡಿನ ತೆಳು ಪದರ ಡಿಸ್ಕಿನ ಮೈಗೆಲ್ಲ ಸಮನಾಗಿ ಕೂರಬೇಕು. ಕಾದ ಡಿಸ್ಕಿನ ಮೇಲೆ ಪ್ಯಾಡು ಒತ್ತಿಕೊಂಡೇ ನಿಂತರೆ ಒಂದು ಕಡೆ ಕಲೆ ಕೂರುತ್ತದೆ, ಆಮೇಲೆ ಸ್ಟೇರಿಂಗ್ ನಡುಗುತ್ತದೆ. ಡಿಸ್ಕ್ ಡೊಂಕಾಯಿತು ಎಂದು ಜನ ಹೇಳುವುದು ಬಹಳಷ್ಟು ಸಲ ಈ ಕಲೆಯನ್ನೇ.

ಟ್ರ್ಯಾಕಿನಲ್ಲಿ ಈಗ ಮೂರು ಸುತ್ತು ಜೋರು, ಒಂದು ಸುತ್ತು ನಿಧಾನ. ಶಿಷ್ಯ ನನ್ನನ್ನು ದಾಟಿಕೊಂಡು ಹೋಗುತ್ತಾನೆ, ಹೋಗಲಿ.

ಬಿರುಕು ಬಿಟ್ಟ ಡಿಸ್ಕನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ, ಕಾಲೇಜಿಗೆ ತಂದಿಟ್ಟೆ. ಈ ವರ್ಷವೂ ಅದೇ ಲೆಕ್ಕ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಈ ಐದು ಲಕ್ಷ ಎಲ್ಲಿ ಹೋಯ್ತು?" ಎಂದಳು. ಡಿಸ್ಕನ್ನು ಅವಳ ಕೈಗೆ ಕೊಟ್ಟು, ಆ ಬಿರುಕಿನ ಮೇಲೆ ಉಗುರು ಆಡಿಸಲು ಹೇಳಿದೆ.