ಪ್ಲಾಸ್ಟರ್ ಹಾಕಿದ ಕೈ

ದೆಹಲಿಯಲ್ಲಿ ಸಂಸಾರ ಹೂಡಿದವನಿಗೆ ತಪ್ಪದ ಕೆಲಸವೊಂದಿದೆ: ಊರಿನಿಂದ ಬಂದವರಿಗೆ ಇಂಡಿಯಾ ಗೇಟ್ ತೋರಿಸುವುದು. ನಲವತ್ತು ವರ್ಷಗಳಿಂದ ಅದನ್ನು ನಿಷ್ಠೆಯಿಂದ ಮಾಡುತ್ತ ಬಂದಿದ್ದೇನೆ. ಕಳೆದ ನವೆಂಬರಿನಲ್ಲಿ ಮಾತ್ರ ನನ್ನ ಜತೆಗಿದ್ದವನು ಅತಿಥಿಯಲ್ಲ, ಮಗಳ ಮಗ. ಹನ್ನೆರಡನೇ ತರಗತಿ ಓದುವ ಹುಡುಗ ಎನ್.ಡಿ.ಎ. ಪರೀಕ್ಷೆ ಬರೆದು ಸೈನ್ಯಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದ. ಮಗಳು ಮೂರು ದಿನದಿಂದ ಅವನೊಡನೆ ಮಾತು ಬಿಟ್ಟಿದ್ದಳು. ‘ನೀವಾದರೂ ಬುದ್ಧಿ ಹೇಳಿ, ಅಪ್ಪ’ ಎಂದು ಭಾರವನ್ನು ನನ್ನ ಮೇಲೆ ಹೊರಿಸಿದಳು. ಬುದ್ಧಿ ಹೇಳಲು ಯುದ್ಧ ಸ್ಮಾರಕಕ್ಕೇ ಕರೆದುಕೊಂಡು ಹೋದ ನನ್ನ ಬುದ್ಧಿಗೆ ಏನೆನ್ನಬೇಕೋ!

2019ರಲ್ಲಿ ತೆರೆದ ಆ ಸ್ಮಾರಕದಲ್ಲಿ ಪರಮವೀರ ಚಕ್ರ ಪಡೆದ 21 ಮಂದಿಯ ಕಂಚಿನ ಪ್ರತಿಮೆಗಳಿವೆ. ಅವರಲ್ಲಿ ಮೊದಲಿಗರು ಮೇಜರ್ ಸೋಮನಾಥ ಶರ್ಮಾ. ಹುಟ್ಟಿದ್ದು 1923ರ ಜನವರಿ 31ರಂದು, ಊರು ಕಾಂಗ್ರಾ ಸೀಮೆ, ತಂದೆ ಸೈನ್ಯದ ವೈದ್ಯರು. ನಮಗೆ ಅವರು ಅಷ್ಟೇನೂ ದೂರದವರಲ್ಲ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನಿನಲ್ಲಿ ಅವರು ಹೋರಾಡಿದ್ದು ನಮ್ಮ ಕೊಡಗಿನ ತಿಮ್ಮಯ್ಯನವರ ಕೈಕೆಳಗೆ. ಒಮ್ಮೆ ಗಾಯಗೊಂಡ ತಮ್ಮ ಆರ್ಡರ್ಲಿಯನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದಾಗ, ಅವನನ್ನು ಬಿಟ್ಟು ಬೇಗ ಬಾ ಎಂದು ತಿಮ್ಮಯ್ಯನವರು ಹೇಳಿದರಂತೆ. ಹುಡುಗ ಬಿಡದೆ ಹೊತ್ತೇ ತಂದನಂತೆ.

1947ರ ಅಕ್ಟೋಬರಿನಲ್ಲಿ ಕುಮಾಂವ್ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್ನಿಗೆ ಕಾಶ್ಮೀರಕ್ಕೆ ಕರೆ ಬಂತು. ಶರ್ಮಾರಿಗೆ ಹಾಕಿ ಆಟದಲ್ಲಿ ಕೈ ಮುರಿದು ಪ್ಲಾಸ್ಟರ್ ಹಾಕಿತ್ತು. ಉಳಿಯಲು ಅದಕ್ಕಿಂತ ಒಳ್ಳೆಯ ಕಾರಣ ಬೇಕೆ? ಅವರು ಪಟ್ಟು ಹಿಡಿದು ತಮ್ಮ ಕಂಪನಿಯ ಜತೆ ಹೊರಟರು.

ನಮ್ಮ ಸೈನ್ಯಕ್ಕೆ ಆಗ ಇದ್ದ ಆಸರೆ ಶ್ರೀನಗರದ ವಿಮಾನ ನಿಲ್ದಾಣ. ಡಕೋಟಾ ವಿಮಾನಗಳು ಇಳಿಯದಿದ್ದರೆ ಜನವೂ ಇಲ್ಲ, ಮದ್ದುಗುಂಡೂ ಇಲ್ಲ. ನವೆಂಬರ್ 3ರಂದು ಅದರ ಹತ್ತಿರದ ಬಡಗಾಮದಲ್ಲಿ ಅವರ ಕಂಪನಿ ಕಾವಲಿತ್ತು. ಮಧ್ಯಾಹ್ನ ಊರ ಮನೆಗಳ ಕಡೆಯಿಂದ ಗುಂಡು ಬಂದವು. ಅಲ್ಲಿ ಹೆಂಗಸರು ಮಕ್ಕಳಿರಬಹುದೆಂದು ಶರ್ಮಾ ಆ ಕಡೆಗೆ ಗುಂಡು ಹಾರಿಸಗೊಡಲಿಲ್ಲ. ಅಷ್ಟರಲ್ಲಿ ಸುಮಾರು 700 ಮಂದಿ ದಾಳಿಕೋರರು ಮೇಲೆ ಬಿದ್ದರು. ನಮ್ಮ ಒಬ್ಬನಿಗೆ ಅವರು ಏಳು ಮಂದಿ. ಶರ್ಮಾ ಗುಂಡಿನ ಮಳೆಯಲ್ಲೇ ಬಯಲಿಗೆ ಓಡಿ, ನಮ್ಮ ವಿಮಾನಗಳಿಗೆ ಶತ್ರುವಿನ ದಿಕ್ಕು ತಿಳಿಯಲೆಂದು ಬಟ್ಟೆಯ ಗುರುತುಗಳನ್ನು ಹಾಸಿದರು. ಸಾಯುವವರು ಸತ್ತಂತೆ ಬಂದೂಕು ಹಿಡಿಯುವ ಕೈಗಳು ಕಡಿಮೆಯಾದವು. ಆಗ ಅವರು ಆ ಪ್ಲಾಸ್ಟರ್ ಕೈಯಿಂದಲೇ ಮೆಷಿನ್ ಗನ್ನಿನ ಮ್ಯಾಗಜೀನುಗಳಿಗೆ ಗುಂಡು ತುಂಬಿ ತುಂಬಿ ಕೊಡುತ್ತ ಕುಳಿತರು. ಶತ್ರು ಐವತ್ತು ಗಜದಲ್ಲಿದ್ದಾನೆ, ಒಂದು ಅಂಗುಲವೂ ಹಿಂದೆ ಸರಿಯುವುದಿಲ್ಲ ಎಂಬುದು ಅವರ ಕೊನೆಯ ಸಂದೇಶ. ಪಕ್ಕದಲ್ಲಿದ್ದ ಮದ್ದುಗುಂಡಿನ ರಾಶಿಗೆ ಶೆಲ್ ಬಿತ್ತು. ವಯಸ್ಸು ಇಪ್ಪತ್ತನಾಲ್ಕು. ವಿಮಾನ ನಿಲ್ದಾಣ ಉಳಿಯಿತು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಮೊಮ್ಮಗ ಪ್ರತಿಮೆಯನ್ನೇ ನೋಡುತ್ತಿದ್ದ. ‘ತಾತ, ಕೈ ಮುರಿದಿತ್ತಲ್ಲ, ಹೋಗದೆ ಇದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಅಲ್ಲವಾ?’

‘ಯಾರೂ ಅನ್ನುತ್ತಿರಲಿಲ್ಲ’ ಎಂದೆ. ಹೆದರಿಸಲು ತಂದಿದ್ದ ಮಾತುಗಳೆಲ್ಲ ಅಲ್ಲೇ ಮುಗಿದುಹೋದವು.

ರಾತ್ರಿ ಊಟಕ್ಕೆ ಕುಳಿತಾಗ ಹುಡುಗನೇ ಅಮ್ಮನಿಗೆ ಕಥೆ ಹೇಳಿದ. ಅವಳು ತಲೆಯೆತ್ತದೆ ಕೇಳಿದಳು. ಕೊನೆಗೆ ನನ್ನ ಕಡೆ ತಿರುಗಿ, ‘ಅವರಿಗೆ ತಮ್ಮಂದಿರು ಇದ್ದರಾ, ಅಪ್ಪ?’ ಎಂದಳು.

‘ಇದ್ದರು. ಒಬ್ಬ ತಮ್ಮ 1950ರಲ್ಲಿ, ಅಣ್ಣ ಸತ್ತ ಮೂರನೆಯ ವರ್ಷಕ್ಕೆ, ಸೈನ್ಯದಲ್ಲಿ ಅಧಿಕಾರಿಯಾದ. ವಿಶ್ವನಾಥ ಶರ್ಮಾ. 1988ರಲ್ಲಿ ಇಡೀ ಭೂಸೈನ್ಯಕ್ಕೇ ಮುಖ್ಯಸ್ಥನಾದ.’

‘ಅವರಮ್ಮ ಹೇಗೆ ಕಳಿಸಿದರು?’

ಮೊಮ್ಮಗ ನನ್ನ ಮುಖ ನೋಡಿದ. ನಾನು ತಟ್ಟೆ ನೋಡಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಮಗಳು ಎದ್ದು ಸಾರು ಬಿಸಿ ಮಾಡಿ ತಂದಳು. ಮೂರು ದಿನಗಳ ನಂತರ ಮೊದಲ ಸಲ ಅವನೊಡನೆ ಮಾತಾಡಿದಳು: ‘ಇನ್ನೊಂದು ತುತ್ತು ಅನ್ನ ಹಾಕಲೇನೋ?’